ನನ್ನನ್ನು ಬಿಟ್ಟು ಎಲ್ಲರಿಗೂ ಗೊತ್ತಿದ್ದ ಕಾಯಿಲೆ

ನನ್ನ ಕಾಯಿಲೆಯನ್ನು ನಾನು ಒಮ್ಮೆಯೂ ನೋಡಿಲ್ಲ. ನೋಡಿದವರು ಬೇಕಾದಷ್ಟು ಜನ ಇದ್ದಾರೆ: ಅಪ್ಪ, ಅಮ್ಮ, ಭದ್ರಾವತಿಯ ಒಂದು ಸಭಾಂಗಣದ ತುಂಬ ಕುಳಿತಿದ್ದ ವಿದ್ಯಾರ್ಥಿಗಳು, ಮುಂದಿನ ಸಾಲಿನ ತೀರ್ಪುಗಾರರು. ಅದು ಬಂದಾಗ ಮೈ ಅಲ್ಲಿರುತ್ತದೆ, ನಾನು ಇರುವುದಿಲ್ಲ. ಎಚ್ಚರವಾದ ಮೇಲೆ ಸುತ್ತ ನಿಂತವರ ಮುಖ ನೋಡಿ ಏನೋ ಆಗಿದೆ ಎಂದು ಊಹಿಸಬೇಕು, ಅವರು ಹೇಳಿದ್ದನ್ನು ನಂಬಬೇಕು. ಪುರಾವೆ ಇಲ್ಲದೆ ಏನನ್ನೂ ನಂಬಬೇಡ ಎಂಬ ಪಾಠದಲ್ಲೇ ಬೆಳೆದ ಹುಡುಗಿಗೆ ಬರಬೇಕಾದ ಕಾಯಿಲೆಯೇ ಇದು?

ಇದಕ್ಕೆ ಪುಸ್ತಕದ ಹೆಸರು ಅಪಸ್ಮಾರ. ನಮ್ಮ ಕಡೆ ಫಿಟ್ಸ್ ಅನ್ನುತ್ತಾರೆ. ಹಿರಿಯರು ಮೂರ್ಛೆರೋಗ ಅನ್ನುತ್ತಾರೆ, ಇನ್ನೂ ಹಿರಿಯರು ದನಿ ತಗ್ಗಿಸಿ ‘ಅದು’ ಅನ್ನುತ್ತಾರೆ. ಹೆಸರನ್ನು ಮೊದಲೇ ಹೇಳಿಬಿಡುತ್ತಿದ್ದೇನೆ, ಯಾಕೆಂದರೆ ನನಗೆ ಯಾರೂ ಮೊದಲೇ ಹೇಳಲಿಲ್ಲ. ‘ಏನಿಲ್ಲ, ಸ್ವಲ್ಪ ವೀಕ್‌ನೆಸ್ಸು’ ಎಂದು ಹೇಳಿ ನಿಮ್ಮ ಮನೆಯಲ್ಲಿ ನಿಮಗೆ ಯಾರಾದರೂ ಮಾತ್ರೆ ಕೊಡುತ್ತಿದ್ದರೆ ಈ ಬರಹ ನಿಮಗೆ. ಕೊಡುತ್ತಿರುವ ಅಪ್ಪ ಅಮ್ಮ ನೀವೇ ಆಗಿದ್ದರೆ, ನಿಮಗೆ ಇನ್ನೂ ಹೆಚ್ಚು.

ನಮ್ಮ ಮನೆ ಶಿವಮೊಗ್ಗದ ದುರ್ಗಿಗುಡಿಯಲ್ಲಿ. ಅಮ್ಮ ಒಂದು ಸಹಕಾರಿ ಬ್ಯಾಂಕಿನಲ್ಲಿ ಕೆಲಸ ಮಾಡುತ್ತಾಳೆ. ಅಪ್ಪ ಭದ್ರಾವತಿಯ ಹೈಸ್ಕೂಲೊಂದರಲ್ಲಿ ಸಮಾಜ ವಿಜ್ಞಾನದ ಮೇಷ್ಟ್ರು, ದಿನಾ ಬಸ್ಸಿನಲ್ಲಿ ಹೋಗಿ ಬರುತ್ತಾರೆ. ಅವರಿಗೆ ಚರ್ಚಾಸ್ಪರ್ಧೆಯ ಹುಚ್ಚು. ಎಷ್ಟೋ ಮಕ್ಕಳನ್ನು ತಯಾರು ಮಾಡಿ ವೇದಿಕೆ ಹತ್ತಿಸಿದ್ದಾರೆ. ನಾನು ಅವರ ಒಬ್ಬಳೇ ಮಗಳು, ಆದ್ದರಿಂದ ಅವರ ಖಾಯಂ ಶಿಷ್ಯೆ. ಬೇರೆಯವರ ಮನೆಯಲ್ಲಿ ಮಕ್ಕಳು ಹಟ ಮಾಡಿದರೆ ಬೈಗುಳ ಸಿಗುತ್ತಿತ್ತು. ನಮ್ಮ ಮನೆಯಲ್ಲಿ, “ಭಾನುವಾರಕ್ಕೆ ಇಟ್ಕೊ” ಎಂಬ ಉತ್ತರ ಸಿಗುತ್ತಿತ್ತು. ಭಾನುವಾರ ಊಟ ಮುಗಿದ ಮೇಲೆ ಹಾಲ್‌ನಲ್ಲಿ ಚರ್ಚೆ. ನಾನು ಒಂದು ಕಡೆ, ಅಪ್ಪ ಇನ್ನೊಂದು ಕಡೆ. ಅಮ್ಮ ತೀರ್ಪುಗಾರ್ತಿ, ಅವಳು ಲೋಟಕ್ಕೆ ಚಮಚ ಬಡಿದರೆ ಸಮಯ ಮುಗಿಯಿತು. ನನ್ನ ಮೊಬೈಲು ಬಂದದ್ದು ಹಾಗೆ, ಟ್ಯೂಷನ್ ನಿಂತದ್ದು ಹಾಗೆ, ಸಕ್ರೆಬೈಲಿಗೆ ಆನೆ ನೋಡಲು ಹೋಗುವ ಬದಲು ಮನೆಯಲ್ಲಿ ಕೂತು ಕ್ರಿಕೆಟ್ ನೋಡಬೇಕೆಂಬ ಅಪ್ಪನ ವಾದ ಬಿದ್ದುಹೋದದ್ದೂ ಹಾಗೆ.

ಈ ಚರ್ಚೆಗೆ ಅಪ್ಪನೇ ಮಾಡಿದ ಒಂದು ನಿಯಮ ಇತ್ತು. ಗೊತ್ತಿರುವುದನ್ನು ಬಚ್ಚಿಟ್ಟುಕೊಂಡು ವಾದ ಮಾಡಬಾರದು. ಹಾಗೆ ಗೆದ್ದರೆ ಅದು ಸೋಲು. ಊರಿನವರ ಮಾತನ್ನೆಲ್ಲ ಉಜ್ಜಿ ನೋಡುತ್ತಿದ್ದ ನಾನು ಈ ನಿಯಮವನ್ನು ಮಾತ್ರ ಉಜ್ಜಿ ನೋಡಲಿಲ್ಲ. ಅದು ನಾನು ನಿಂತಿದ್ದ ನೆಲ. ನಿಂತ ನೆಲವನ್ನು ಯಾರಾದರೂ ಅಗೆದು ನೋಡುತ್ತಾರಾ?

ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಶುರುವಾಯಿತು. ಬೆಳಿಗ್ಗೆ ಎದ್ದ ಕೂಡಲೇ ಕೈ ತನ್ನಷ್ಟಕ್ಕೆ ಝಾಡಿಸುತ್ತಿತ್ತು. ಬ್ರಶ್ಶು ಹಾರಿ ಬಚ್ಚಲಿಗೆ ಬೀಳುತ್ತಿತ್ತು. ಚಟ್ನಿ ಬಟ್ಟಲು ಗೋಡೆಗೆ ಅಭಿಷೇಕ ಮಾಡುತ್ತಿತ್ತು. “ಕೈಯಲ್ಲಿ ಜೀವ ಇಲ್ವೇನೇ ನಿಂಗೆ? ಬೆಳಗಾನ ಮೊಬೈಲು ಒತ್ತಿದ್ರೆ ಇನ್ನೆಂತ ಆಗತ್ತೆ!” ಎಂದು ಅಮ್ಮ ಬೈಯುತ್ತಿದ್ದಳು. ಒಂದು ಬೆಳಿಗ್ಗೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದೆ. ಮುಂದಿನ ನೆನಪು ನಾನು ಹಾಲ್‌ನ ನೆಲದ ಮೇಲೆ ಮಲಗಿರುವುದು, ತಲೆ ಅಮ್ಮನ ತೊಡೆಯ ಮೇಲಿರುವುದು, ಬಾಯಲ್ಲಿ ರಕ್ತದ ರುಚಿ. ಯಾರೋ ಮೈಯೆಲ್ಲ ಹಿಡಿದು ಒಗೆದ ಬಟ್ಟೆಯ ಹಾಗೆ ಹಿಂಡಿದಂತೆ ನೋವು.

“ತಲೆ ಸುತ್ತಿ ಬಿದ್ದೆ ಪುಟ್ಟಿ” ಅಂದರು ಅಪ್ಪ. “ರಾತ್ರಿ ಸರಿಯಾಗಿ ಊಟ ಮಾಡಿರ್ಲಿಲ್ವಲ್ಲ.”

“ನಾಲಿಗೆ?”

“ಬೀಳುವಾಗ ಕಚ್ಕೊಂಡಿದೀಯ.”

ಕಾರಣ ಇದೆ, ಪರಿಣಾಮ ಇದೆ, ಮಧ್ಯೆ ಸಂಬಂಧವೂ ಇದೆ. ನಾನು ಒಪ್ಪಿಕೊಂಡೆ. ಆಗ ಅಪ್ಪನ ಕಣ್ಣು ಕೆಂಪಾಗಿದ್ದದ್ದು ನೆನಪಿದೆ. ಅದನ್ನು ನಾನು ಪುರಾವೆ ಎಂದುಕೊಳ್ಳಲಿಲ್ಲ, ಪ್ರೀತಿ ಎಂದುಕೊಂಡೆ. ಎರಡೂ ಆಗಿತ್ತು ಅನ್ನುವುದು ಈಗ ಗೊತ್ತು.

ನರರೋಗದ ಡಾಕ್ಟರ ಕ್ಲಿನಿಕ್ಕು ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರ. ತಲೆಗೆ ಅಂಟು ಹಚ್ಚಿ, ವೈರುಗಳನ್ನು ಸಿಕ್ಕಿಸಿ, ಕಣ್ಣಿಗೆ ದೀಪ ಮಿಣುಕಿಸಿ ಏನೋ ಪರೀಕ್ಷೆ ಮಾಡಿದರು. ಏನಕ್ಕೆ ಎಂದರೆ “ತಲೆಸುತ್ತಿಗೆ” ಎಂಬ ಉತ್ತರ. ಆಮೇಲೆ ಅಪ್ಪ, “ನೀನು ಹೊರಗೆ ಕೂತಿರು ಪುಟ್ಟಿ, ಬಂದ್ವಿ” ಎಂದು ಅಮ್ಮನ ಜೊತೆ ಒಳಗೆ ಹೋದರು. ಕೂದಲಿಗೆ ಮೆತ್ತಿದ ಅಂಟನ್ನು ಕೀಳುತ್ತಾ ಬೆಂಚಿನ ಮೇಲೆ ಕೂತೆ. ಪಕ್ಕದಲ್ಲಿ ಒಬ್ಬ ಅಜ್ಜ, ಬಲಗೈಯನ್ನು ಎಡಗೈಯಲ್ಲಿ ಎತ್ತಿ ತೊಡೆಯ ಮೇಲಿಟ್ಟುಕೊಂಡಿದ್ದರು.

“ನಿಂಗೆ ಎಂತಾಗಿದೆ ಮಗಾ?”

“ವೀಕ್‌ನೆಸ್ಸು ಅಜ್ಜ.”

“ಓ, ನಂಗೂ ಅದೇ ಅಂತೆ. ನಮ್ಮ ಹುಡುಗ್ರು ಹೇಳಿದ್ರು.” ಅವರು ಕೈಯ ಕಡೆ ನೋಡಿಕೊಂಡರು. “ಅದ್ಯಾವ ವೀಕ್‌ನೆಸ್ಸೋ ಮಾರಾಯ್ತಿ, ಒಂದೇ ಕೈಗೆ ಬರೋದು.”

ನನಗೆ ನಗು ಬಂತು, ಅವರಿಗೂ ಬಂತು. ಆ ಬೆಂಚಿನ ಮೇಲೆ ನಮ್ಮಿಬ್ಬರ ಸ್ಥಿತಿಯೂ ಒಂದೇ ಎಂದು ಆಗ ಹೊಳೆಯಲಿಲ್ಲ.

ಮಾತ್ರೆಗಳು ಒಂದು ಹಳೆಯ ಹೋಮಿಯೋಪತಿ ಸೀಸೆಯಲ್ಲಿ ಬಂದವು. ಚೀಟಿ ಇಲ್ಲ, ಸ್ಟ್ರಿಪ್ಪು ಇಲ್ಲ, ಹೆಸರಿಲ್ಲ. ಅಮ್ಮ ಬೆಳಿಗ್ಗೆ ಒಂದು, ರಾತ್ರಿ ಒಂದು ಕೈಗೆ ಹಾಕುತ್ತಿದ್ದಳು. ಹೆಸರೇನು ಎಂದು ಕೇಳಿದೆ. “ನರಕ್ಕೆ ಶಕ್ತಿ ಬರೋ ವಿಟಮಿನ್ನು ಕಣೇ” ಎಂದರು ಅಪ್ಪ. “ಅನುಮಾನ ಇದ್ರೆ ಭಾನುವಾರಕ್ಕೆ ಇಟ್ಕೊ.” ನಕ್ಕುಬಿಟ್ಟೆ. ಅಪ್ಪನ ಜಾಣತನ ನೋಡಿ: ಚರ್ಚೆಗೆ ಇಟ್ಟುಕೊ ಎಂದು ಅವರೇ ಕರೆದ ಮೇಲೆ ಅದರಲ್ಲಿ ಬಚ್ಚಿಡುವಂಥದ್ದು ಏನಿರಲು ಸಾಧ್ಯ?

ಕೈ ಝಾಡಿಸುವುದು ಕಡಿಮೆಯಾಯಿತು. ಬದಲಿಗೆ ನಾನು ಬೇರೆ ಯಾರೋ ಆದೆ. ಮಧ್ಯಾಹ್ನದ ಕ್ಲಾಸಿನಲ್ಲಿ ತೂಕಡಿಕೆ. ಸಣ್ಣ ಮಾತಿಗೆ ಉರಿ. ಪಲ್ಯಕ್ಕೆ ಉಪ್ಪು ಜಾಸ್ತಿಯಾಗಿದ್ದಕ್ಕೆ ಒಂದು ದಿನ ತಟ್ಟೆ ತಳ್ಳಿ ಎದ್ದು ಹೋದೆ, ಆಮೇಲೆ ನನಗೇ ನಾಚಿಕೆಯಾಗಿ ಅತ್ತೆ. ಅಪ್ಪ ಪಕ್ಕದಲ್ಲಿ ಕೂತು ಬಹಳ ಹೊತ್ತು ಕೋಪದ ಬಗ್ಗೆ ಉಪದೇಶ ಮಾಡಿದರು. ಹದಿಹರೆಯ, ಹಾರ್ಮೋನು, ಸಂಯಮ. “ವಾದ ಮಾಡೋರಿಗೆ ತಾಳ್ಮೆ ಬೇಕು ಪುಟ್ಟಿ. ನೀನು ಮೊದಲು ಹಿಂಗಿರ್ಲಿಲ್ಲ” ಅಂದರು. ಹೌದು, ಇರಲಿಲ್ಲ. ಯಾಕೆ ಹೀಗಾದೆ ಎಂದು ರಾತ್ರಿಯೆಲ್ಲ ನನ್ನನ್ನು ನಾನೇ ಪಾಟೀಸವಾಲು ಮಾಡಿಕೊಳ್ಳುತ್ತಿದ್ದೆ.

ಪಿಯುಸಿ ಎರಡನೇ ವರ್ಷದಲ್ಲಿ ಸ್ಕೂಟಿ ಕೇಳಿದೆ. ಭಾನುವಾರದ ವಿಷಯ ಅದೇ. ಅಪ್ಪ ಅವತ್ತು ಆಡಿದಷ್ಟು ಕೆಟ್ಟ ವಾದವನ್ನು ನಾನು ಯಾವ ಸ್ಪರ್ಧೆಯಲ್ಲೂ ಕೇಳಿಲ್ಲ. ಪೆಟ್ರೋಲು ದುಬಾರಿ ಅಂದರು. ನೆಹರೂ ರಸ್ತೆಯಲ್ಲಿ ಟ್ರಾಫಿಕ್ಕು ಅಂದರು. ಹೆಣ್ಣುಮಕ್ಕಳಿಗೆ ಯಾಕೆ ಅದೆಲ್ಲ ಅಂದರು. ನಮ್ಮಪ್ಪನ ಬಾಯಲ್ಲಿ ‘ಹೆಣ್ಣುಮಕ್ಕಳಿಗೆ ಯಾಕೆ’!

“ಅಪ್ಪಾ, ನೀವು ಮಹಿಳಾ ದಿನಾಚರಣೆ ಭಾಷಣ ಬರೆದುಕೊಡೋ ಮೇಷ್ಟ್ರು. ಆ ಭಾಷಣ ತರ್ಲಾ, ಓದ್ಲಾ?”

“ಓದು.”

“ಹಂಗಾದ್ರೆ ಅದು ಸುಳ್ಳಾ?”

ಅಮ್ಮ ಲೋಟ ಬಡಿದಳು. ತೀರ್ಪು ನನ್ನ ಕಡೆಗೇ ಬಂತು, ಬೇರೆ ದಾರಿಯೇ ಇರಲಿಲ್ಲ. ಆದರೂ ಅಪ್ಪ, “ಗೆದ್ದಿದೀಯ. ಆದ್ರೆ ಸ್ಕೂಟಿ ಇಲ್ಲ” ಎಂದು ಎದ್ದು ಹೋದರು. ಮನೆಯ ಕಾನೂನು ಅವತ್ತು ಮುರಿಯಿತು. ಬೆನ್ನ ಹಿಂದಿನಿಂದ ನಾನು “ಹಿಪೊಕ್ರಿಟ್!” ಎಂದು ಕೂಗಿದೆ. ಅವರು ತಿರುಗಿ ನೋಡಲಿಲ್ಲ. ಮಗಳ ಕಣ್ಣಲ್ಲಿ ಸಣ್ಣ ಮನಸ್ಸಿನ ಗಂಡಸಾಗಲು ಒಪ್ಪಿಕೊಂಡರು. ನಿಜ ಹೇಳಲು ಒಪ್ಪಲಿಲ್ಲ. ಇದನ್ನು ತ್ಯಾಗ ಅನ್ನುವವರಿದ್ದಾರೆ. ನಾನು ಅನ್ನುವುದಿಲ್ಲ. ನನ್ನ ಅಪ್ಪನ ಬಗ್ಗೆ ನಾನು ತಪ್ಪು ಅಭಿಪ್ರಾಯ ಇಟ್ಟುಕೊಂಡು ತಿಂಗಳುಗಟ್ಟಲೆ ಓಡಾಡಿದೆ. ಆ ತಿಂಗಳುಗಳನ್ನು ಯಾರು ವಾಪಸು ಕೊಡುತ್ತಾರೆ?

ಮುಂದೆ ಆದದ್ದು ಸರಳ ತರ್ಕ. ನನಗೆ ರಾಜ್ಯಮಟ್ಟದ ಚರ್ಚಾಸ್ಪರ್ಧೆ ಇತ್ತು. ಭದ್ರಾವತಿಯ ನ್ಯೂಟೌನ್‌ನಲ್ಲಿ. ವಿಟಮಿನ್ನು ತಿಂದರೆ ನಿದ್ದೆ ಬರುತ್ತದೆ, ಸಿಟ್ಟು ಬರುತ್ತದೆ. ಒಬ್ಬ ಮನುಷ್ಯ ಸ್ವಲ್ಪ ದಿನ ವಿಟಮಿನ್ನು ಬಿಟ್ಟರೆ ಸಾಯುವುದಿಲ್ಲ. ಆದ್ದರಿಂದ ಬಿಟ್ಟು ನೋಡೋಣ. ಅಮ್ಮ ಕೈಗೆ ಹಾಕಿದ ಮಾತ್ರೆಯನ್ನು ಬಾಯಿಗೆ ಹಾಕಿದ ಹಾಗೆ ಮಾಡಿ ಬೇಸಿನ್ನಿಗೆ ಹಾಕತೊಡಗಿದೆ. ತಯಾರಿಗಾಗಿ ನಿದ್ದೆಯನ್ನೂ ಬಿಟ್ಟೆ. ಈ ಕಾಯಿಲೆ ಇರುವವರು ಮುಖ್ಯವಾಗಿ ಮಾಡಬಾರದ ಕೆಲಸ ಎರಡಿದ್ದವು, ಎರಡನ್ನೂ ಶ್ರದ್ಧೆಯಿಂದ ಮಾಡಿದೆ. ನನ್ನ ತರ್ಕದಲ್ಲಿ ಎಲ್ಲಿ ತಪ್ಪಿತ್ತು ಎಂದು ಆಮೇಲೆ ಎಷ್ಟೋ ಸಲ ಹುಡುಕಿದ್ದೇನೆ. ಇರಲಿಲ್ಲ. ನನಗೆ ಕೊಟ್ಟಿದ್ದ ಮಾಹಿತಿಯೇ ಸುಳ್ಳಾಗಿತ್ತು.

ವಿಷಯ ಮಾತೃಭಾಷಾ ಮಾಧ್ಯಮ. ಇನ್ಯಾವುದು ಇರುತ್ತದೆ! ನನ್ನ ಜೊತೆಗಾತಿ ಫರ್ಹಾನಾ ವಿಷಯದ ಪರವಾಗಿ ಮಾತಾಡಿ ಕೂತಳು. ಅಪ್ಪ ತಮ್ಮ ಶಾಲೆಯಿಂದ ಅರ್ಧ ದಿನ ರಜೆ ಹಾಕಿ ಬಂದು ಮೂರನೇ ಸಾಲಿನಲ್ಲಿ ಕೂತಿದ್ದರು. ನಾನು ವೇದಿಕೆ ಹತ್ತಿದೆ, ಮೈಕಿನ ಎತ್ತರ ಸರಿಮಾಡಿಕೊಂಡೆ, “ಎದುರಾಳಿಗಳು ಒಂದು ಮುಖ್ಯ ಸಂಗತಿಯನ್ನು ಮರೆಮಾಚಿದ್ದಾರೆ” ಎಂದು ಶುರುಮಾಡಿದೆ. ಕೈ ಒಮ್ಮೆ ಝಾಡಿಸಿ ಚೀಟಿಗಳು ಚೆಲ್ಲಿದವು. ಅಲ್ಲಿಗೆ ನನ್ನ ಸಾಕ್ಷ್ಯ ಮುಗಿಯಿತು.

ಉಳಿದದ್ದನ್ನು ನನಗೆ ಹೇಳಿದವಳು ಫರ್ಹಾನಾ, ಆಸ್ಪತ್ರೆಯ ಮಂಚದ ಪಕ್ಕ ನಿಂತು. ಅಪ್ಪ ಬಿಲ್ಲಿನ ಕೌಂಟರಿಗೆ ಹೋಗಿದ್ದರು. ನನ್ನ ಮುಷ್ಟಿಯೊಳಗೆ ಏನೋ ಒತ್ತುತ್ತಿತ್ತು. ಬಿಡಿಸಿ ನೋಡಿದರೆ ಒಂದು ಕೀಗೊಂಚಲು, ನಮ್ಮ ಮನೆಯದು. ಫರ್ಹಾನಾ ಅಳುತ್ತಿದ್ದಳು. ಹೆದರಿ ಅಳುತ್ತಿದ್ದಾಳೆ ಅಂದುಕೊಂಡೆ. ಅಲ್ಲ, ಸಿಟ್ಟಿನಿಂದ.

“ಎರಡು ವರ್ಷ ಆಯ್ತಲ್ವೇನೇ ನಾವು ಜೊತೆಗೆ? ನಂಗಾದ್ರೂ ಹೇಳ್ಬಾರ್ದಿತ್ತಾ?”

“ಏನನ್ನ?”

“ನಾಟಕ ಮಾಡ್ಬೇಡ. ನಿಂಗೆ ಫಿಟ್ಸ್ ಇದೆ ಅಂತ.”

“ಯಾರಂದ್ರು?”

“ಅರೇ, ನಿಮ್ಮಪ್ಪನೇ! ಓಡಿ ಬಂದು ಸ್ಟೇಜ್ ಹತ್ತಿದ್ರು. ‘ಹೆದರ್ಬೇಡಿ, ಫಿಟ್ಸು, ಅವಳಿಗೆ ಮೊದಲಿಂದ ಇದೆ, ಕಬ್ಬಿಣ ಇದ್ರೆ ಕೊಡ್ರಪ್ಪ’ ಅಂದ್ರು. ಆಮೇಲೆ ಅವರ ಕೀನೇ ತೆಗೆದು ನಿನ್ನ ಕೈಗೆ ಕೊಟ್ರು. ಪೂರಾ ಹಾಲ್‌ಗೆ ಕೇಳಿಸ್ತು.” ಅವಳು ನನ್ನ ಮುಖ ನೋಡಿ ನಿಲ್ಲಿಸಿದಳು. “ನಿಂಗೆ… ನಿಂಗೆ ಗೊತ್ತಿರ್ಲಿಲ್ವಾ?”

ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಟ್ಟರೆ ನಿಲ್ಲುತ್ತದೆ ಅನ್ನುವುದು ನಮ್ಮ ಕಡೆಯ ನಂಬಿಕೆ. ಅದನ್ನು ಮೂಢನಂಬಿಕೆ ಎಂದು ತರಗತಿಯಲ್ಲಿ ಪಾಠ ಮಾಡುವವರು ನಮ್ಮಪ್ಪ. ಕಬ್ಬಿಣದ ಊರಾದ ಭದ್ರಾವತಿಯಲ್ಲಿ ನಿಂತು ಕಬ್ಬಿಣಕ್ಕಾಗಿ ಕೂಗಿದ್ದಾರೆ. ಬೇರೆ ದಿನವಾಗಿದ್ದರೆ ಈ ಮಾತಿಗೆ ನಾನೇ ಮೊದಲು ನಗುತ್ತಿದ್ದೆ.

ಅಪ್ಪ ವಾಪಸು ಬಂದರು. ಕೈಯಲ್ಲಿ ಎಳನೀರು. ನನ್ನ ತಲೆ ನೇವರಿಸಿ, ಅದೇ ಮೆತ್ತನೆ ದನಿಯಲ್ಲಿ, “ತಲೆ ಸುತ್ತಿ ಬಿದ್ದೆ ಪುಟ್ಟಿ. ನಿದ್ದೆ ಇಲ್ಲ, ಊಟ ಇಲ್ಲ, ವೀಕ್‌ನೆಸ್ಸು…” ಅಂದರು.

“ಅಪ್ಪಾ, ಮೈಕ್ ಆನ್ ಇತ್ತು.”

ಅವರ ಮುಖವನ್ನು ವರ್ಣಿಸಲು ಹೋಗುವುದಿಲ್ಲ. ಎಳನೀರನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು, ಇಟ್ಟ ಜಾಗದಿಂದ ಕೈ ತೆಗೆಯದೆ ಹಾಗೇ ನಿಂತರು. ನನ್ನ ಕಾಯಿಲೆಯ ಹೆಸರು ಒಂದು ಸಭಾಂಗಣಕ್ಕೆಲ್ಲ ತಿಳಿದ ಮೇಲೆ ಕಡೆಯದಾಗಿ ನನಗೆ ತಿಳಿಯಿತು. ಆಗಲೂ ಅವರ ಬಾಯಿಂದ ಅಲ್ಲ.

ಮನೆಗೆ ಬಂದ ಮೇಲೆ ಆ ಸೀಸೆಯಿಂದ ಮಾತ್ರೆ ತೆಗೆದುಕೊಳ್ಳುವುದಿಲ್ಲ ಎಂದೆ. ಇದು ಹಟವಾಗಿರಲಿಲ್ಲ. ವಿಟಮಿನ್ನು ಎಂದು ಇವರೇ ಹೇಳಿದ್ದರು. ಈಗ ಫಿಟ್ಸಿನ ಮಾತ್ರೆ ಎಂದು ಇವರೇ ಹೇಳುತ್ತಿದ್ದಾರೆ. ಮೊದಲನೆಯದು ಸುಳ್ಳಾದ ಮೇಲೆ ಎರಡನೆಯದನ್ನು ಯಾವ ಆಧಾರದ ಮೇಲೆ ನಂಬಲಿ? ಬೆಳಗಿನ ಹೊತ್ತು ಕೈ ಮತ್ತೆ ಝಾಡಿಸುತ್ತಿತ್ತು. ಅಮ್ಮ ನೋಡಿಯೂ ಬೈಯುತ್ತಿರಲಿಲ್ಲ. ಅದು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಅವಳಿಗೆ ಗೊತ್ತಿತ್ತು, ಹೀಗೇ ಬಿಟ್ಟರೆ ಇನ್ನೊಂದು ದೊಡ್ಡದು ಬರುತ್ತದೆ, ಮುಂದಿನ ಸಲ ಬೀಳುವ ಜಾಗ ಮೆಟ್ಟಿಲೋ ರಸ್ತೆಯೋ ಹೇಳಲಾಗದು. ನನಗೂ ಗೊತ್ತಿತ್ತು. ಮೊಬೈಲಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿ ಬಾತ್‌ರೂಮಿನ ಬಾಗಿಲಿಗೆ ಚಿಲಕ ಹಾಕುವುದನ್ನೇ ಬಿಟ್ಟಿದ್ದೆ. ಆದರೂ ಆ ಸೀಸೆಗೆ ಕೈ ಚಾಚಲು ಆಗುತ್ತಿರಲಿಲ್ಲ.

ಒಂದು ಸಂಜೆ ಅಮ್ಮ ಬ್ಯಾಂಕಿನಿಂದ ಬಂದವಳು ಚಪ್ಪಲಿ ಬಿಡದೆಯೇ ಎದುರಿಗೆ ಕೂತಳು.

“ತಗೊಳ್ಳೇ. ಕಾಲಿಗೆ ಬೀಳ್ಲಾ?”

“ಯಾಕೆ ಹೇಳ್ಲಿಲ್ಲ ಅಂತ ಮೊದಲು ಹೇಳು.”

“ಹೇಳಿದ್ರೆ ವಾದ ಮಾಡ್ತಿದ್ದೆ. ಕಾಯಿಲೆ ಜೊತೆ ವಾದ ಮಾಡಿ ಗೆಲ್ಲಕ್ಕಾಗತ್ತಾ?”

“ಅಮ್ಮಾ, ಇದು ಉತ್ತರ ಅಲ್ಲ.”

ಅವಳು ತೊಡೆಯ ಮೇಲಿದ್ದ ಬ್ಯಾಗನ್ನು ಕೆಳಗಿಟ್ಟಳು. ಆಮೇಲೆ ಅಪ್ಪನ ತಂಗಿಯ ವಿಷಯ ಹೇಳಿದಳು. ಅವರು ನಾನು ಹುಟ್ಟುವ ಮೊದಲೇ ತೀರಿಹೋದವರು; ಜ್ವರ ಬಂದು ಹೋದರು ಎಂದಷ್ಟೇ ಕೇಳಿದ್ದೆ. ಅವರಿಗೂ ಇದೇ ಇತ್ತಂತೆ. ಹೆಸರು ಗೊತ್ತಾದ ದಿನವೇ ಶಾಲೆ ಬಿಡಿಸಿದರಂತೆ. ಬಾವಿಯ ಹತ್ತಿರ ಹೋಗಬೇಡ, ಒಲೆಯ ಹತ್ತಿರ ಹೋಗಬೇಡ, ಮದುವೆಮನೆಗೆ ಬರಬೇಡ. “ಅವಳು ಕ್ಲಾಸಿಗೇ ಫಸ್ಟ್ ಅಂತೆ. ಆಮೇಲೆ ಮಾತೇ ಬಿಟ್ಬಿಟ್ಲಂತೆ. ಕಾಯಿಲೆಗಿಂತ ಅದರ ಹೆಸರೇ ತಿಂದುಹಾಕ್ತು ಅಂತಾರೆ ನಿಮ್ಮಪ್ಪ. ನಿಂಗೆ ಹೆಸರು ಗೊತ್ತಾಗೋದು ಬೇಡ ಅಂದ್ರು. ನಾನೂ ಹೂಂ ಅಂದೆ.”

ನನಗೆ ಅಳು ಬಂತು, ನಿಜ. ಆ ಹುಡುಗಿಗಾಗಿ ಬಂತು. ಆದರೆ ವಾದ ನಿಲ್ಲಲಿಲ್ಲ. “ಅವರ ಮಾತು ಬಿಡಿಸಿದ್ದು ಹೆಸರಲ್ಲಮ್ಮ, ಮನೆಯವರು. ಅಪ್ಪನ ಲೆಕ್ಕದಲ್ಲಿ ಮನೆಯವರದ್ದು ಏನೂ ತಪ್ಪೇ ಇಲ್ಲ, ನೋಡು!”

ಅಮ್ಮ ಎದ್ದು ಹೋಗಿ ಚಪ್ಪಲಿ ಬಿಟ್ಟು ಬಂದಳು. “ಡಾಕ್ಟ್ರ ಹತ್ರ ನೀನೇ ಮಾತಾಡು. ನಾವು ಒಳಗೆ ಬರಲ್ಲ” ಅಂದಳು. ನಮ್ಮ ಮನೆಯಲ್ಲಿ ನನಗೆ ಸಿಕ್ಕ ಮೊದಲ ಕರುಣೆ ಅದು.

ಡಾಕ್ಟರು ವಯಸ್ಸಾದವರು. ನಾನು ಒಬ್ಬಳೇ ಒಳಗೆ ಬಂದದ್ದು ನೋಡಿ ಕನ್ನಡಕ ತೆಗೆದರು. ಕುರ್ಚಿಯಲ್ಲಿ ಕೂರುವ ಮೊದಲೇ ನಾನು ಕೇಳಿದೆ: “ಸರ್, ಪೇಷಂಟ್ ಯಾರು? ನಾನಾ, ನಮ್ಮಪ್ಪನಾ?”

ಅವರು ಮುಗುಳ್ನಗಲು ಹೋಗಿ ಅರ್ಧಕ್ಕೇ ನಿಲ್ಲಿಸಿದರು. “ನಿಮ್ಮ ತಂದೆ ಕೈಮುಗಿದು ಕೇಳ್ಕೊಂಡ್ರಮ್ಮ. ಸ್ವಲ್ಪ ದಿನ ಆದ್ಮೇಲೆ ನಾವೇ ಹೇಳ್ತೀವಿ ಅಂದ್ರು. ನಾನು ಮತ್ತೆ ಕೇಳ್ಬೇಕಿತ್ತು. ಕೇಳ್ಲಿಲ್ಲ.” ಆಮೇಲೆ, “ತಪ್ಪು” ಅಂದರು.

ವಿವರಣೆ ಇಲ್ಲ, ಆದರೆ-ಗಿದರೆ ಇಲ್ಲ. ಆ ಒಂದು ಪದ ಮನೆಯಲ್ಲಿ ಇನ್ನೂ ಯಾರ ಬಾಯಿಂದಲೂ ಬಂದಿರಲಿಲ್ಲ. ನಾನು ಕೂತೆ. ಕೇಳುವುದನ್ನೆಲ್ಲ ಕೇಳಿದೆ. ಇದು ಹೋಗತ್ತಾ? ಓದಬಹುದಾ? ವೇದಿಕೆ ಹತ್ತಬಹುದಾ? ಮಕ್ಕಳಾಗತ್ತಾ? ಗಾಡಿ? “ಗಾಡಿ ಸದ್ಯಕ್ಕೆ ಬೇಡ. ನಾನು ಹೇಳೋವರೆಗೂ ಬೇಡ. ಉಳಿದಿದ್ದೆಲ್ಲ ಮಾಡು, ನಿದ್ದೆ ಬಿಡ್ಬೇಡ, ಮಾತ್ರೆ ಬಿಡ್ಬೇಡ” ಅಂದರು. ಆಮೇಲೆ, ತಮಗೆ ತಾವೇ ಎಂಬಂತೆ ಕೇಳಿದರು: “ಸಿಟ್ಟು ಹೇಗಿದೆ? ಈ ಮಾತ್ರೆ ಕೆಲವರಿಗೆ ಬಹಳ ಸಿಟ್ಟು ಬರ್ಸತ್ತೆ. ಗಮನ ಇಡಿ ಅಂತ ನಿಮ್ಮ ತಂದೆಗೆ ಮೊದಲ ದಿನಾನೇ ಹೇಳಿದ್ದೆ.”

ಕಾಯಿಲೆ ಬಚ್ಚಿಟ್ಟದ್ದಕ್ಕಿಂತ ನನಗೆ ಇದು ಹೆಚ್ಚು ತಾಗಿತು. ತಟ್ಟೆ ತಳ್ಳಿ ಅತ್ತ ಆ ರಾತ್ರಿ ಪಕ್ಕದಲ್ಲಿ ಕೂತು ಸಂಯಮದ ಪಾಠ ಹೇಳುವಾಗ ಅಪ್ಪನಿಗೆ ಗೊತ್ತಿತ್ತು. ನನ್ನ ಸ್ವಭಾವವೇ ಕೆಟ್ಟುಹೋಗಿದೆ ಎಂದು ನಾನು ನಂಬಿಕೊಂಡು ಕೊರಗುವಾಗ ಅವರಿಗೆ ಗೊತ್ತಿತ್ತು. ಸುಳ್ಳಿಗೆ ಒಂದು ಕೆಟ್ಟ ಗುಣ ಇದೆ: ಒಂದನ್ನು ಕಾಪಾಡಲು ಹೋದವರು ಮಗುವಿನ ಮೇಲೆ ಇನ್ನೊಂದನ್ನು ಹೊರಿಸಬೇಕಾಗುತ್ತದೆ.

ಡಾಕ್ಟರು ಮಾತ್ರೆ ಬದಲಿಸಿದರು. ಕೆಳಗಿನ ಮೆಡಿಕಲ್ ಶಾಪಿನಲ್ಲಿ ನಾನೇ ಕೊಂಡೆ. ಹೆಸರಿರುವ ಮಾತ್ರೆ. ಅಂಗಡಿಯ ಮುಂದೆ ನಿಂತೇ ಸ್ಟ್ರಿಪ್ಪಿನಿಂದ ಒಂದನ್ನು ಚಿಟ್ಟೆಂದು ಒತ್ತಿ ತೆಗೆದು ನುಂಗಿದೆ. ಅಪ್ಪ ರಸ್ತೆಯ ಆಚೆ ನಿಂತು ನೋಡುತ್ತಿದ್ದರು. ಹತ್ತಿರ ಬರಲಿಲ್ಲ.

ಕಥೆ ಇಲ್ಲಿ ಮುಗಿದಿದ್ದರೆ ಚೆನ್ನಾಗಿರುತ್ತಿತ್ತು. ಅಪ್ಪ ಪಶ್ಚಾತ್ತಾಪ ಪಟ್ಟರು. ಮೇಷ್ಟ್ರು ಪಶ್ಚಾತ್ತಾಪ ಪಡುವ ರೀತಿ ಒಂದೇ: ಭಾಷಣ. ಒಂದು ಬೆಳಿಗ್ಗೆ ತಮ್ಮ ಶಾಲೆಯ ಪ್ರಾರ್ಥನೆಯಲ್ಲಿ ಎಲ್ಲ ಮಕ್ಕಳ ಮುಂದೆ ನಿಂತು, ನನ್ನ ಮಗಳಿಗೆ ಅಪಸ್ಮಾರ ಇದೆ, ಇದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ, ಫಿಟ್ಸ್ ಬಂದವರ ಕೈಗೆ ಕಬ್ಬಿಣ ಕೊಡಬೇಡಿ, ಮಗ್ಗುಲಿಗೆ ತಿರುಗಿಸಿ ಮಲಗಿಸಿ ಎಂದು ಮಾತಾಡಿದರಂತೆ. ನನ್ನ ಹೆಸರು, ಕಾಲೇಜು, ಗೆದ್ದ ಬಹುಮಾನ, ಬಿದ್ದ ದಿನ, ಎಲ್ಲವೂ ಬಂತಂತೆ. ಮಕ್ಕಳು ಚಪ್ಪಾಳೆ ಹೊಡೆದರಂತೆ. ಸಂಜೆ ಮನೆಗೆ ಬಂದು ಇದನ್ನೆಲ್ಲ ಹೇಳುವಾಗ ಅವರ ಮುಖದಲ್ಲಿ ಬಹಳ ದಿನದ ನಂತರ ಬೆಳಕಿತ್ತು.

“ನನ್ನ ಕೇಳಿದ್ರಾ?” ಅಂದೆ.

“ಬಚ್ಚಿಡಬಾರ್ದು ಅಂತ ನೀನೇ ಅಲ್ವಾ ಹೇಳಿದ್ದು?”

“ನನ್ನಿಂದ ಬಚ್ಚಿಡಬಾರ್ದು ಅಂದೆ. ಭದ್ರಾವತಿಗೆ ಹಂಚಿ ಅನ್ಲಿಲ್ಲ.”

“ಒಳ್ಳೇದಕ್ಕೇ ಮಾಡಿದ್ದು ಪುಟ್ಟಿ.”

“ಆಗ್ಲೂ ಒಳ್ಳೇದಕ್ಕೇ ಮಾಡಿದ್ರಿ.”

ಅಪ್ಪನಿಗೆ ನಿಜವಾಗಿ ಅರ್ಥವಾಗಲಿಲ್ಲ. ಬಚ್ಚಿಟ್ಟದ್ದು ತಪ್ಪಾದರೆ ಹೇಳಿದ್ದು ಸರಿ ಆಗಲೇಬೇಕಲ್ಲ ಎಂಬುದು ಅವರ ಲೆಕ್ಕ. ನನ್ನ ಲೆಕ್ಕದಲ್ಲಿ ಎರಡೂ ಒಂದೇ. ಎರಡು ಸಲವೂ ನನ್ನ ತಲೆಯೊಳಗಿನದ್ದನ್ನು ಏನು ಮಾಡಬೇಕೆಂದು ನಿರ್ಧರಿಸಿದವರು ಅವರು, ಎರಡು ಸಲವೂ ನಾನು ಹೊರಗಿನ ಬೆಂಚಿನ ಮೇಲೇ. ಆಮೇಲೆ ನಾವು ಭಾನುವಾರದ ಚರ್ಚೆ ನಿಲ್ಲಿಸಿದೆವು. ನಿಲ್ಲಿಸೋಣ ಎಂದು ಯಾರೂ ಹೇಳಲಿಲ್ಲ. ಊಟ ಮುಗಿಸಿ ಒಬ್ಬೊಬ್ಬರು ಒಂದೊಂದು ಕೋಣೆಗೆ ಹೋಗತೊಡಗಿದೆವು.

ಈಗ ನಾನು ಡಿಗ್ರಿಯಲ್ಲಿದ್ದೇನೆ. ಹೊಸ ಮಾತ್ರೆ ಒಗ್ಗಿದೆ. ಕೈ ಅಪರೂಪಕ್ಕೆ ಝಾಡಿಸುತ್ತದೆ, ನಿದ್ದೆಗೆಟ್ಟರೆ ಮಾತ್ರ. ದೊಡ್ಡದು ಬಂದು ಬಹಳ ಕಾಲವಾಯಿತು ಎಂದು ಎಲ್ಲರೂ ಹೇಳುತ್ತಾರೆ. ಈಗಲೂ ಅವರ ಮಾತನ್ನೇ ನಂಬಬೇಕು. ಫರ್ಹಾನಾ ಹೇಳಿದರೆ ನಂಬುತ್ತೇನೆ. ಮನೆಯವರು ಹೇಳಿದರೆ ಮನಸ್ಸಿನಲ್ಲಿ ಒಂದು ಕ್ಷಣ ತಡೆಯುತ್ತೇನೆ. ಆ ಒಂದು ಕ್ಷಣ ಇನ್ನೂ ಹೋಗಿಲ್ಲ. ಹೋಗುತ್ತದೆಂದು ನಿಮಗೆ ಭರವಸೆ ಕೊಡಲಾರೆ.

ಮೊನ್ನೆ ಅಪ್ಪ ಭದ್ರಾವತಿ ಬಸ್ ಸ್ಟ್ಯಾಂಡಿನಿಂದ ಫೋನ್ ಮಾಡಿದರು. ಹಾಗೆ ಮಾಡುವವರಲ್ಲ, ಬಸ್ಸು ತಪ್ಪಿತೇನೋ ಅಂದುಕೊಂಡೆ.

“ಒಂದು ವಿಷಯ ಕೇಳ್ಬೇಕಿತ್ತು” ಅಂದರು. “ನನ್ನ ಕ್ಲಾಸಲ್ಲಿ ಒಬ್ಳು ಹುಡುಗಿ ಇದಾಳೆ. ನಿಂಗಿರೋದೇ ಅವಳಿಗೂ. ಅಪ್ಪ ಅಮ್ಮ ಬಂದು ನನಗೆ ಹೇಳಿದ್ರು, ಅವಳಿಗೆ ಗೊತ್ತಿಲ್ಲ, ಹೇಳ್ಬೇಡಿ ಸಾರ್ ಅಂತ. ನೀನು ಒಪ್ಪಿದ್ರೆ ಅವರಿಗೆ ನಿನ್ನ ವಿಷಯ ಹೇಳ್ಲಾ ಅಂತ.”

ಕೇಳಿದ್ದರು. ಮೊದಲ ಸಲ.

“ಬೇಡ” ಅಂದೆ.

ಯಾಕೆ ಎಂಬ ಪ್ರಶ್ನೆ ಬರುತ್ತದೆ ಎಂದು ಕಾದೆ. ಉತ್ತರ ಸಿದ್ಧ ಮಾಡಿಕೊಂಡೂ ಇದ್ದೆ. “ಆಯ್ತು ಪುಟ್ಟಿ” ಅಂದರು, ಅಷ್ಟೇ. ಹಿಂದಿನಿಂದ ಕಂಡಕ್ಟರು ಶಿವಮೊಗ್ಗ ಶಿವಮೊಗ್ಗ ಎಂದು ಕೂಗುತ್ತಿದ್ದ. ವಾದವೇ ಇಲ್ಲದೆ ಗೆದ್ದು ನನಗೆ ಅಭ್ಯಾಸವಿಲ್ಲ. ಏನು ಮಾಡಬೇಕೋ ತೋಚಲಿಲ್ಲ. ಯಾವ ಮನೆಯಲ್ಲೋ ಒಂದು ಹುಡುಗಿ ನಾಳೆ ಬೆಳಿಗ್ಗೆ ಕೈಯಿಂದ ಲೋಟ ಜಾರಿಸಿ ಬೈಸಿಕೊಳ್ಳುತ್ತಾಳೆ, ಯಾವುದೋ ಪರೀಕ್ಷೆ ಹತ್ತಿರ ಬಂದಾಗ ಅವಳಿಗೂ ಮಾತ್ರೆ ಬಿಟ್ಟು ನೋಡೋಣ ಅನಿಸುತ್ತದೆ.

“ಅಪ್ಪಾ, ಆದ್ರೂ ಅವರ ಮನೆಗೆ ಹೋಗಿ.”

“ಹೋಗಿ ಎಂತ ಹೇಳ್ಲಿ? ನೀನೇ ಬೇಡ ಅಂದ್ಯಲ್ಲ.”

“ನನ್ನ ಕಥೆ ಹೇಳ್ಬೇಡಿ. ನಿಮ್ಮದು ಹೇಳಿ.”

ಫೋನ್ ಇಟ್ಟಿರಲಿಲ್ಲ, ಉಸಿರು ಕೇಳಿಸುತ್ತಿತ್ತು. ಬಸ್ಸು ಹೊರಟು ಹೋದ ಸದ್ದೂ ಕೇಳಿಸಿತು. ಅವರು ಅದನ್ನು ಹತ್ತಲಿಲ್ಲ.

ಅವತ್ತು ಮನೆಗೆ ತಡವಾಗಿ ಬಂದರು. ಕೈಕಾಲು ತೊಳೆದು ಊಟಕ್ಕೆ ಕೂತರು. ಅಮ್ಮ ನನ್ನ ಮುಖ ನೋಡಿದಳು. ಆ ಹುಡುಗಿಯ ಮನೆಯಲ್ಲಿ ಏನು ಹೇಳಿದರು, ಎಲ್ಲಿಂದ ಶುರು ಮಾಡಿದರು, ತಮ್ಮ ತಂಗಿಯ ಮಾತು ಬಂತಾ, ಮೈಕಿನ ಮಾತು ಬಂತಾ, ನನಗೆ ಗೊತ್ತಿಲ್ಲ. ತಿಳಿಯುವ ಆಸೆ ಇತ್ತು. ಕೇಳಲಿಲ್ಲ. ಅದು ಅವರದ್ದು.